‘ಅಂತೆ’ಯ ಅವಸಾನ

ಕನ್ನಡದಲ್ಲಿ ಎರಡಕ್ಷರದ ಒಂದು ಪುಟ್ಟ ಶಬ್ದವಿದೆ. ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿ ಅದಕ್ಕೆ ಸ್ಥಾನ ದೊರೆಯುವುದು ಅಪರೂಪ. ಆದರೆ ಅಡುಗೆಮನೆಯಲ್ಲಿಯೂ ಜಗಲಿಯ ಮೇಲೆಯೂ ಅದು ದಿನಕ್ಕೆ ನೂರು ಬಾರಿ ದುಡಿಯುತ್ತದೆ. ಅದೇ ‘ಅಂತೆ’. “ಎದುರುಮನೆಯ ಹುಡುಗಿಗೆ ವರ ಗೊತ್ತಾಯಿತು” ಎಂದರೆ ಆ ಮಾತಿಗೆ ಹೇಳಿದವರೇ ಹೊಣೆ. “ಗೊತ್ತಾಯಿತಂತೆ” ಎಂದೊಡನೆ ಹೊಣೆಯು ಹೊಸಿಲು ದಾಟಿ ಬೀದಿಯಲ್ಲಿ ನಿಲ್ಲುತ್ತದೆ. ನಾನು ಕಂಡುದಲ್ಲ, ಕೇಳಿದ್ದು. ನಂಬುವುದೂ ಬಿಡುವುದೂ ತಮ್ಮ ಚಿತ್ತ—ಇಷ್ಟು ದೊಡ್ಡ ಒಕ್ಕಣೆಯನ್ನು ನಮ್ಮ ಹಿರಿಯರು ಎರಡಕ್ಷರದಲ್ಲಿ ಮುಗಿಸಿದರು. ಇದನ್ನೇ ಹೇಳಲು ಇಂಗ್ಲಿಷಿನವರು ಬೇರೊಂದು ವಾಕ್ಯವನ್ನೇ ಹೂಡಬೇಕು. ತೆಲುಗರಿಗೆ ‘ಅಟ’ ಇದೆ, ತಮಿಳರಿಗೆ ‘ಆಮ್’ ಇದೆ, ತುಳುವರಿಗೆ ‘ಗೆ’ ಇದೆ. ದಾಕ್ಷಿಣಾತ್ಯರಾದ ನಮಗೆ ಪರರ ಸುದ್ದಿಯಲ್ಲಿ ಆಸಕ್ತಿ ಹೆಚ್ಚೋ, ಅದನ್ನು ಹೇಳುವಾಗ ಪ್ರಾಮಾಣಿಕತೆ ಹೆಚ್ಚೋ ನಿರ್ಣಯಿಸುವುದು ಕಷ್ಟ. ಎರಡೂ ಇರಬಹುದು.

ಸಂಸ್ಕೃತದವರೂ ಈ ವಿಷಯದಲ್ಲಿ ಹಿಂದುಳಿದಿಲ್ಲ. ‘ವದಂತಿ’ ಎಂದರೆ ‘ಹೇಳುತ್ತಾರೆ’ ಎಂದಷ್ಟೇ ಅರ್ಥ. ‘ಕಿಂವದಂತಿ’ ಎಂದರೆ ‘ಏನು ಹೇಳುತ್ತಾರೆ?’ ಎಂದು. ಯಾರು ಹೇಳುತ್ತಾರೆ? ಅದು ಮಾತ್ರ ಪದದೊಳಗಿಲ್ಲ. ಕ್ರಿಯಾಪದವುಂಟು, ಬಹುವಚನವುಂಟು, ಕರ್ತೃಪದಕ್ಕೆ ಮಾತ್ರ ಗೈರುಹಾಜರಿ! ಮೊದಲು ಹೇಳಿದವನನ್ನು ಪೊಲೀಸರು ಹುಡುಕಹೊರಟಾಗ ಅವರಿಗೊದಗುವ ಪಾಡು ಇಡಿಯಾಗಿ ಈ ಒಂದು ಪದದಲ್ಲಿ ಅಡಗಿದೆ.

ವೃತ್ತಪತ್ರಿಕೆಗಳು ಬಂದ ಮೇಲೆ ‘ಅಂತೆ’ಯು ಪೇಟ ಸುತ್ತಿ, ಕೋಟು ತೊಟ್ಟು ‘ಎನ್ನಲಾಗಿದೆ’ ಎಂದಾಯಿತು. ಕೆಲವೊಮ್ಮೆ ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’ ಎಂದು ಜರಿ ಉತ್ತರೀಯವನ್ನೂ ಹೊದೆಯಿತು. ದೂರದರ್ಶನದ ಸುದ್ದಿವಾಹಿನಿಗಳಿಗೆ ಅಷ್ಟು ವ್ಯವಧಾನವಿಲ್ಲ. ಅವು ಒಂದು ಪ್ರಶ್ನಾರ್ಥಕ ಚಿಹ್ನೆಯಿಂದ ಕೆಲಸ ಸಾಗಿಸುತ್ತವೆ. ‘ನಾಳೆಯೇ ಪ್ರಳಯ?’ ಎಂದು ಕೆಂಪಕ್ಷರದಲ್ಲಿ ಬರೆದು, ಹಿನ್ನೆಲೆಯಲ್ಲಿ ನಗಾರಿ ಬಾರಿಸಿದರೆ ಮುಗಿಯಿತು. ಪ್ರಳಯವಾಗದಿದ್ದರೆ, ನಾವು ಕೇಳಿದ್ದೆವಷ್ಟೆ, ಹೇಳಿರಲಿಲ್ಲವಲ್ಲ! ಏನೇ ಆಗಲಿ, ಆ ಕೊಕ್ಕೆಯೂ ‘ಅಂತೆ’ಯ ದೂರದ ದಾಯಾದಿಯೇ. ವಂಶ ಕೆಟ್ಟರೂ ಗೋತ್ರ ಉಳಿದಿದೆ.

ಗೋತ್ರವೂ ಅಳಿದುಹೋದದ್ದು ವಾಟ್ಸಪ್ಪಿನಲ್ಲಿ. ನಮ್ಮ ಕುಟುಂಬದ ಗ್ರೂಪಿನಲ್ಲಿ ದೊಡ್ಡಪ್ಪನವರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಕಾಫಿಗೆ ಮೊದಲು ಲೋಕಕ್ಕೆ ಸುದ್ದಿ ಹಂಚುತ್ತಾರೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಸಂಸ್ಥೆಯು ಜಗತ್ತಿನಲ್ಲಿಯೇ ಶ್ರೇಷ್ಠವೆಂದು ಘೋಷಿಸಿದ ಶುಭವಾರ್ತೆಯನ್ನು ಅವರಿಂದ ನಾನು ಕಡಮೆಯೆಂದರೆ ನಾಲ್ಕು ಬಾರಿ ಪಡೆದಿದ್ದೇನೆ. ಪ್ರತಿ ಬಾರಿಯೂ ‘ಈಗಷ್ಟೇ’ ಘೋಷಿಸಿದ್ದು. ಯುನೆಸ್ಕೋ ಅಂಥ ಘೋಷಣೆಯನ್ನು ಮಾಡಿಯೇ ಇಲ್ಲ. ಇಲ್ಲಿ ಗಮನಿಸಬೇಕಾದುದು ಸುಳ್ಳನ್ನಲ್ಲ, ವ್ಯಾಕರಣವನ್ನು. ‘ಘೋಷಿಸಿದೆ’ ಎಂದಿದೆ, ‘ಘೋಷಿಸಿದೆಯಂತೆ’ ಎಂದಿಲ್ಲ. ಇದೇ ಸುದ್ದಿಯನ್ನು ದೊಡ್ಡಪ್ಪನವರು ಊಟದ ಪಂಕ್ತಿಯಲ್ಲಿ ಬಾಯಿಬಿಟ್ಟು ಹೇಳಿದ್ದರೆ ‘ಅಂತೆ’ಯನ್ನು ಸೇರಿಸದೆ ಇರುತ್ತಿರಲಿಲ್ಲ, ಏಕೆಂದರೆ ಅವರು ಸತ್ಯವಂತರು. ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವಾಗ ಸೇರಿಸುವುದಕ್ಕೆ ಎಡೆಯೇ ಇಲ್ಲ. ಬಾಯಿ ಪಾಲಿಸುವ ವ್ಯಾಕರಣವನ್ನು ಹೆಬ್ಬೆರಳು ಪಾಲಿಸುವುದಿಲ್ಲ.

ಹಾಗೆಂದು, ಹಿಂದೆ ಜನ ಸುಳ್ಳನ್ನು ನಂಬುತ್ತಿರಲಿಲ್ಲವೆಂದು ನಾನು ವಾದಿಸುವುದಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿಯು ಹಾಲು ಕುಡಿದುದನ್ನು ನೆನೆಯಿರಿ. ದೆಹಲಿಯಲ್ಲಿ ಬೆಳಗಿನ ಜಾವ ಹೊರಟ ಸುದ್ದಿ ಅಂದೇ ದೇಶವನ್ನೆಲ್ಲ ಸುತ್ತಿ, ಸಮುದ್ರವನ್ನೂ ಲಂಘಿಸಿ ಲಂಡನ್ನಿನ ದೇವಾಲಯಗಳನ್ನು ಮುಟ್ಟಿತು. ತಂತಿಯ ಟೆಲಿಫೋನು ಮತ್ತು ಮನುಷ್ಯನ ಬಾಯಿ, ಇವೆರಡರ ಬಲದಿಂದಲೇ. ಚಮಚದ ಹಾಲು ಮೇಲ್ಮೈ ಸೆಳೆತದಿಂದ ಕಲ್ಲಿಗಂಟಿ, ತೆಳ್ಳನೆಯ ಪದರವಾಗಿ ಕೆಳಗಿಳಿಯುತ್ತದೆಂದು ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿಕೊಟ್ಟರು. ನಮ್ಮ ಸೋದರತ್ತೆ ಆ ದಿನದ ಕಥೆಯನ್ನು ಈಗಲೂ ಹೇಳುವುದುಂಟು. “ಡೆಲ್ಲೀಲಿ ಕುಡೀತಂತೆ ಕಣೋ, ಬೊಂಬಾಯೀಲೂ ಕುಡೀತಂತೆ. ನೋಡೇಬಿಡೋಣ ಅಂತ ಲೋಟ ಹಿಡಕೊಂಡು ಹೋದೆ.” “ಕುಡಿಯಿತೇನತ್ತೆ?” ಎಂದು ಕೇಳಿದರೆ, “ಸಾಲು ನನ್ನ ಹತ್ತಿರ ಬರೋ ಹೊತ್ತಿಗೆ ಅರ್ಚಕರು ಬಾಗಿಲು ಹಾಕಿದ್ರು. ಹಾಲು ವಾಪಸ್ಸು ತಂದು ಕಾಫಿ ಮಾಡಿದೆ,” ಎನ್ನುತ್ತಾರೆ.

ಆ ‘ನೋಡೇಬಿಡೋಣ’ ಎಂಬ ಮಾತನ್ನು ಕೇಳಿದಿರಷ್ಟೆ? ‘ಅಂತೆ’ ಎಂದು ಕೇಳಿದವರಿಗೆ ಹೋಗಿ ನೋಡುವ ಚಪಲವಾದರೂ ಉಳಿದಿರುತ್ತದೆ. ‘ಆಗಿದೆ’ ಎಂದು ಓದಿದವರು ನೋಡುವುದೇನು ಬಂತು? 2016ರ ನವೆಂಬರಿನಲ್ಲಿ ನೋಟುರದ್ದತಿಯಾದ ಮೇಲೆ ಬಂದ 2000 ರೂಪಾಯಿಯ ನೋಟಿನಲ್ಲಿ ಒಂದು ಸೂಕ್ಷ್ಮ ‘ಚಿಪ್ಪು’ ಇದೆಯೆಂದೂ, 120 ಮೀಟರು ಆಳದಲ್ಲಿ ಹುಗಿದಿಟ್ಟರೂ ಉಪಗ್ರಹವು ಅದನ್ನು ಪತ್ತೆಮಾಡುವುದೆಂದೂ ಸಂದೇಶ ಹರಡಿತು. ವಾಹಿನಿಗಳು ಚಿತ್ರ ಬರೆದು ವಿವರಿಸಿದವು. ರಿಸರ್ವ್ ಬ್ಯಾಂಕು ಅಲ್ಲಗಳೆಯಿತು. ಆ ಚಿಪ್ಪಿಗೆ ಬ್ಯಾಟರಿ ಎಲ್ಲಿದೆಯೆಂದು ನೋಟನ್ನು ಬೆಳಕಿಗೆ ಹಿಡಿದು ನೋಡಿದವರೆಷ್ಟು ಮಂದಿಯೋ! 2023ರ ಮೇ ತಿಂಗಳಲ್ಲಿ ಆ ನೋಟನ್ನು ಚಲಾವಣೆಯಿಂದ ಹಿಂದೆಗೆಯುವುದಾಗಿ ಬ್ಯಾಂಕು ಪ್ರಕಟಿಸಿತು. ಜನ ಅವನ್ನು ಹಿಂದಿರುಗಿಸಲು ತಾವೇ ಕೌಂಟರಿನ ಮುಂದೆ ನಿಂತರು; ಉಪಗ್ರಹದ ನೆರವು ಬೇಕಾಗಲಿಲ್ಲ.

ಇವೆಲ್ಲ ನಗುವ ಮಾತಾಯಿತು. ಇನ್ನು ಹೇಳಬೇಕಾದುದರಲ್ಲಿ ನಗುವಂಥದು ಏನೂ ಇಲ್ಲ.

2012ರ ಜುಲೈನಲ್ಲಿ ಅಸ್ಸಾಮಿನಲ್ಲಿ ನಿಜವಾಗಿಯೇ ಹಿಂಸಾಚಾರ ನಡೆದಿತ್ತು. ಆ ನಿಜದ ಬೆನ್ನೇರಿ ಆಗಸ್ಟಿನಲ್ಲಿ ಸುಳ್ಳು ಬೆಂಗಳೂರಿಗೆ ಬಂದಿತು: ರಂಜಾನ್ ಮುಗಿಯುತ್ತಿದ್ದಂತೆ ಇಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುತ್ತದೆ ಎಂದು. ಕಂಡವರಾರೂ ಇರಲಿಲ್ಲ, ಸಂದೇಶ ಬಾರದವರೂ ಇರಲಿಲ್ಲ. ಸಾವಿರಾರು ಯುವಕ ಯುವತಿಯರು ದುಡಿಯುತ್ತಿದ್ದ ಕೆಲಸವನ್ನೂ ಓದುತ್ತಿದ್ದ ಪುಸ್ತಕವನ್ನೂ ಬಿಟ್ಟು, ಒಂದೊಂದು ಚೀಲದೊಂದಿಗೆ ನಗರದ ರೈಲ್ವೆ ನಿಲ್ದಾಣದಲ್ಲಿ ನೆರೆದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಬೆಂಗಳೂರು ತನ್ನನ್ನು ನಂಬಿ ಬಂದವರನ್ನು ಒಂದು ಕಲ್ಲೂ ಎಸೆಯದೆ ಓಡಿಸಿದ ಊರಾಯಿತು. ಒಬ್ಬರು 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸು ಕಳುಹಿಸದಂತೆ ಕೇಂದ್ರ ಸರಕಾರ ಮಿತಿ ಹಾಕಿತು. ಕೆಲವು ದಿನಗಳ ಬಳಿಕ ಅದನ್ನು 20ಕ್ಕೆ ಏರಿಸಿತು.

2018ರಲ್ಲಿ ಬಂದುದು ಮಕ್ಕಳ ಕಳ್ಳರ ಸುದ್ದಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಾಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಊರೂರು ಸುತ್ತಿತು. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗೆಗೆ ಎಚ್ಚರದಿಂದಿರಿ ಎಂದು ತಂದೆತಾಯಿಗಳಿಗೆ ತಿಳಿಸಲು 2016ರಲ್ಲಿ ತೆಗೆದ ಜಾಗೃತಿಯ ಚಿತ್ರ. ಮೂಲದಲ್ಲಿ ಆ ಸವಾರರು ಹಿಂದಿರುಗಿ ಬಂದು ಮಗುವನ್ನು ಕೆಳಗಿಳಿಸುತ್ತಾರೆ; ಮಗುವನ್ನು ಕದಿಯಲು ಕ್ಷಣಮಾತ್ರ ಸಾಕು ಎಂಬರ್ಥದ ಒಂದು ಫಲಕವನ್ನು ಎತ್ತಿ ತೋರಿಸುತ್ತಾರೆ. ಯಾರೋ ಪುಣ್ಯಾತ್ಮರು ಆ ಕೊನೆಯ ಭಾಗವನ್ನು ಕತ್ತರಿಸಿದರು. ಆ ಫಲಕವೇ ಆ ಚಿತ್ರದ ‘ಅಂತೆ’ಯಾಗಿತ್ತು. ಅದು ಹೋದ ಮೇಲೆ ಉಳಿದುದು ‘ಕದ್ದರು’ ಎಂಬ ಒಂದು ಕ್ರಿಯಾಪದ.

ಆ ಮೇ ತಿಂಗಳಲ್ಲಿ, ರಾಜಸ್ಥಾನದಿಂದ ದುಡಿಮೆಗಾಗಿ ಬಂದಿದ್ದ 26 ವರ್ಷದ ತರುಣನೊಬ್ಬನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂದು ಬಗೆದು, ಜನ ಹೊಡೆದು ಕೊಂದರು. ಚಾಮರಾಜಪೇಟೆಯೆಂದರೆ ಯಾವ ಕಾಡೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಬಡಾವಣೆ.

ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದುದು ಇನ್ನೂ ಘೋರ. ಹೈದರಾಬಾದಿನಿಂದ ಗೆಳೆಯರು ಕೆಲವರು ಕಾರಿನಲ್ಲಿ ಆ ಕಡೆಗೆ ಬಂದಿದ್ದರು. ದಾರಿಯಲ್ಲಿ, ಶಾಲೆಯಿಂದ ಮರಳುತ್ತಿದ್ದ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಕೊಟ್ಟ ಕೈಯೇ ಕಳ್ಳನ ಕೈಯೆನಿಸಿತು. ವಾಗ್ವಾದವಾಗಿ, ಅವರು ಕಾರನ್ನೇರಿ ಹೊರಟರು. ಕಾರಿಗೆ ಮೊದಲೇ ಅದರ ವಿಡಿಯೊ ಮುಂದಿನ ಊರನ್ನು ಮುಟ್ಟಿತ್ತು. ಮುರ್ಕಿಯವರು ರಸ್ತೆಗೆ ಅಡ್ಡಕಟ್ಟಿ ಕಾದರು. ಕಾರು ಹಳ್ಳಕ್ಕೆ ಮಗುಚಿತು. ಬಿಡಿಸಹೋದ ಪೊಲೀಸರೂ ಪೆಟ್ಟು ತಿಂದರು. ಗೆಳೆಯರಲ್ಲೊಬ್ಬ, 32 ವರ್ಷದ ಇಂಜಿನಿಯರು, ಅಲ್ಲಿಯೇ ಕೊಲೆಯಾದ. ಮಕ್ಕಳನ್ನು ಕಂಡೊಡನೆ ಮಿಠಾಯಿಗಾಗಿ ಜೇಬು ತಡಕುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ? ನನ್ನ ಅಜ್ಜನಿಗಿದ್ದಿತು. ಅವರ ಜೇಬು ಸದಾ ಪೆಪ್ಪರಮಿಂಟಿನ ಅಂಟು.

ಆ ತಿಂಗಳಲ್ಲಿಯೇ ವಾಟ್ಸಪ್ಪಿನವರು ಎರಡು ಕ್ರಮ ಕೈಗೊಂಡರು. ಬೇರೆಯವರಿಂದ ಬಂದುದನ್ನು ಹಾಗೆಯೇ ರವಾನಿಸಿದರೆ ಅದರ ನೆತ್ತಿಯ ಮೇಲೆ ಬಾಣದ ಗುರುತಿನೊಂದಿಗೆ ಒಂದು ಚೀಟಿ ಮೂಡತೊಡಗಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆ ತಳ್ಳಲಾಗದೆಂಬ ಮಿತಿಯೂ ಬಂದಿತು. (ಆರು ವರ್ಷದ ಮೇಲೆ ಮತ್ತೆ ಅದೇ ಐದು! ನಮ್ಮವರಿಗೆ ಪಂಚಾಕ್ಷರಿಯ ಮೇಲೆ ಅದೆಂಥ ಭಕ್ತಿಯೋ.) ಜೊತೆಗೆ, ಸುಳ್ಳುಸುದ್ದಿಯನ್ನು ಗುರುತಿಸುವುದು ಹೇಗೆಂದು ಪುಟದಗಲದ ಜಾಹೀರಾತುಗಳನ್ನು ಪ್ರಕಟಿಸಿದರು, ಎಲ್ಲಿ ಎಂದಿರಿ? ಕಾಗದದ ಮೇಲೆ ಅಚ್ಚಾಗುವ ವೃತ್ತಪತ್ರಿಕೆಗಳಲ್ಲಿ. 2019ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬಂದಿತು; 2020ರ ಏಪ್ರಿಲಿನಿಂದ ಅಂಥದನ್ನು ಒಮ್ಮೆಗೆ ಒಂದೇ ಕಡೆ ಕಳುಹಿಸಬಹುದೆಂದಾಯಿತು.

ಒಂಟಿ ಬಾಣವೆಂದರೆ ‘ಅಂತೆ’. ಜೋಡಿ ಬಾಣವೆಂದರೆ ‘ಅಂತೆ-ಕಂತೆ’. ಕ್ಯಾಲಿಫೋರ್ನಿಯಾದ ಇಂಜಿನಿಯರುಗಳು ಇಷ್ಟೆಲ್ಲ ಪಾಡುಪಟ್ಟು ಕೊನೆಗೆ ಮುಟ್ಟಿದ್ದು ನಮ್ಮ ಸೋದರತ್ತೆಯ ವ್ಯಾಕರಣವನ್ನು.

ಇದನ್ನೇ ದೊಡ್ಡಪ್ಪನವರಿಗೆ ವಿವರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಆ ದಿನದ ಸಂದೇಶದ ಮೇಲಿದ್ದ ಜೋಡಿ ಬಾಣವನ್ನು ಬಹು ಹೊತ್ತು ದಿಟ್ಟಿಸಿ ನೋಡಿದರು. “ಹಾಗಾದರೆ ಇದನ್ನು ಬಹಳ ಜನ ಕಳಿಸಿದ್ದಾರೆ ಅಂತಲೋ?” ಎಂದರು. ಹೌದೆಂದೆ. “ಅಷ್ಟು ಜನ ಸುಮ್ಮಸುಮ್ಮನೆ ಕಳಿಸ್ತಾರೇನಯ್ಯಾ?” ಎಂದವರೇ, ಅದನ್ನು ನನಗೂ ಒಂದು ಕಳುಹಿಸಿದರು.