ಬ್ರೌಸರ್‌ಗೆ ಸಾಗುವ ಮುನ್ನ: ಕನ್ನಡ ಶಾಲೆಗಳ ಹಳೆಯ ಕಡತಗಳಿಗಾಗಿ ಒಂದು ಮನವಿ

ಗಣಕದಲ್ಲಿ ಸ್ಥಾಪಿಸಿಕೊಂಡ ಆಫೀಸ್ ತಂತ್ರಾಂಶವನ್ನು ಬಿಟ್ಟು ಗೂಗಲ್ ಡಾಕ್ಸ್‌ನಂತಹ, ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುವ ಸಾಧನಗಳತ್ತ ಸಾಗುವ ಶಾಲೆಗಳಿಗೆ ಅನುಕೂಲಗಳು ಹಲವಿವೆ. ಆದರೆ ಕನ್ನಡದಲ್ಲಿ ವ್ಯವಹರಿಸುವ ಶಾಲೆಗಳ ಮುಂದೆ ಒಂದು ವಿಶೇಷ ತೊಡಕಿದ್ದು, ಅದನ್ನು ಬಗೆಹರಿಸದೆ ಹೊರಟರೆ ವರ್ಷಗಟ್ಟಲೆ ಕೂಡಿಟ್ಟ ಬರಹಗಳು ಓದಲಾಗದ ಸ್ಥಿತಿಗೆ ಬರುತ್ತವೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳ ಒಳಗಿರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಏರ್ಪಾಡು ಅದಾಗಿದ್ದು, ಆ ಫಾಂಟ್ ಇರುವ ಗಣಕದಲ್ಲಿ ಮಾತ್ರ ಕನ್ನಡ ಕಾಣಿಸುತ್ತದೆ. ಗೂಗಲ್ ಡಾಕ್ಸ್ ಗಣಕದಲ್ಲಿರುವ ಫಾಂಟನ್ನು ಬಳಸಿಕೊಳ್ಳದ ಕಾರಣ, ‘ಕನ್ನಡ’ ಎಂಬ ಪದದ ‘ನ’ಕಾರವಿರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಗುರುತು ಮೂಡುತ್ತದೆ. ಅಂತಹ ಕಡತದಲ್ಲಿ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಅಂಧ ಶಿಕ್ಷಕರ ಪರದೆವಾಚಕವೂ ಅದನ್ನು ಓದದು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಲಭ್ಯವಿವೆ.

ಪರಿವರ್ತನೆಯನ್ನು ಯಂತ್ರಕ್ಕೇ ಒಪ್ಪಿಸಿ ನಿಶ್ಚಿಂತರಾಗುವಂತಿಲ್ಲ. ಅರ್ಕಾವೊತ್ತು ಸ್ಥಾನ ತಪ್ಪಬಹುದು. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳಿಗೂ ಅದೇ ಸಂಕೇತಗಳಿರುವುದರಿಂದ ಅವು ಅರ್ಥವಿಲ್ಲದ ಕನ್ನಡವಾಗಬಹುದು. ವರ್ಗಾವಣೆ ಪತ್ರದಲ್ಲಿ ಮಗುವಿನ ಹೆಸರಿನ ಒಂದು ಒತ್ತು ತಪ್ಪಿದರೂ ಅದರ ತೊಂದರೆಯನ್ನು ಆ ಕುಟುಂಬ ಬಹುಕಾಲ ಅನುಭವಿಸಬೇಕಾಗುತ್ತದೆ. ಆದ್ದರಿಂದ ಕನ್ನಡ ಬಲ್ಲವರು ಪ್ರತಿ ಪುಟವನ್ನೂ ಮೂಲದೊಡನೆ ಹೋಲಿಸಿ ತಿದ್ದುವುದು ಅನಿವಾರ್ಯ. ಪಾಠದ ಹೊರೆ ಹೊತ್ತ ಶಿಕ್ಷಕರೊಬ್ಬರ ಮೇಲೆಯೇ ಇದನ್ನು ಹೇರುವುದು ನ್ಯಾಯವಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಈ ಕಾರ್ಯವನ್ನು ತಮ್ಮ ಸಭೆಯ ಮುಂದಿಡಬೇಕೆಂದೂ, ಊರಲ್ಲಿರುವ ಹಾಗೂ ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಿದ್ದುಪಡಿಯ ಕೆಲಸಕ್ಕೆ ಬಿಡುವಿನ ವೇಳೆಯನ್ನು ಕೊಡಬೇಕೆಂದೂ ಕಳಕಳಿಯ ಮನವಿ. ಮಕ್ಕಳ ವೈಯಕ್ತಿಕ ವಿವರಗಳುಳ್ಳ ಕಡತಗಳು ಮಾತ್ರ ಶಾಲೆಯಿಂದ ಹೊರಗೆ ಹೋಗದೆ ಅಲ್ಲಿಯೇ ತಿದ್ದಲ್ಪಡಲಿ. ಮಿತಿಯಿಲ್ಲದೆ ಸಿಗುತ್ತಿದ್ದ ಉಚಿತ ಸಂಗ್ರಹವನ್ನು ಪ್ರತಿ ಶಿಕ್ಷಣ ಸಂಸ್ಥೆಗೆ 100 ಟೆರಾಬೈಟ್‌ಗೆ ಸೀಮಿತಗೊಳಿಸುವುದಾಗಿ ಗೂಗಲ್ 2021ರಲ್ಲಿ ಪ್ರಕಟಿಸಿದ್ದನ್ನು ನೋಡಿದರೆ, ಸೇವೆಯ ಷರತ್ತುಗಳು ಬದಲಾಗುವಂಥವೆಂಬುದು ಸ್ಪಷ್ಟ. ಹೀಗಾಗಿ ಮೂಲ ಕಡತ, ಅದರ ಪಿಡಿಎಫ್ ಪ್ರತಿ, ತಿದ್ದಿದ ಯೂನಿಕೋಡ್ ಕಡತ ಮೂರನ್ನೂ ಶಾಲೆಯ ಸ್ವಂತ ಹಾರ್ಡ್‌ಡಿಸ್ಕಿನಲ್ಲಿ ಇರಿಸಿಕೊಂಡು, ಅನಂತರವೇ ಹಳೆಯ ಗಣಕಗಳನ್ನು ವಿಲೇವಾರಿ ಮಾಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿ.