ಕಾಯಿಲ್ ಬದಲಿಸಿ, ಆದರೆ ಕಾಯಿಲ್ ಮಾತ್ರ ಬದಲಿಸಬೇಡಿ

ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ಗೀಸರ್ ಕಾಯಿಲ್ ಸುಟ್ಟುಹೋಗೋದು ಈಗ ಸುದ್ದಿಯೇ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಯಾವ ಹಳ್ಳಿಗೆ ಹೋದರೂ ಎರಡು ಮಾತು ಕೇಳಿಬರುತ್ತವೆ. ಒಂದು, "ಹಳೇದಾಯ್ತು, ಗುಜರಿಗೆ ಹಾಕಿ ಹೊಸದು ತರೋಣ." ಇನ್ನೊಂದು, "ಮೊಬೈಲಲ್ಲಿ ವಿಡಿಯೋ ಇದೆ, ನಾನೇ ಹಾಕ್ತೀನಿ ಬಿಡಿ." ಇಬ್ಬರೂ ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಅದು ಸುಟ್ಟಿದ್ದು ಯಾಕೆ?

ಟೊಮ್ಯಾಟೊ ಗಿಡ ಸೊರಗಿದರೆ ಅದೇ ಗುಂಡಿಗೆ ಇನ್ನೊಂದು ಸಸಿ ನೆಟ್ಟು ಸುಮ್ಮನಾಗ್ತೀವಾ? ಇಲ್ಲ. ಕಿತ್ತು ಬೇರು ನೋಡ್ತೀವಿ. ಗೀಸರ್‌ಗೂ ಅದೇ ನ್ಯಾಯ ಇರಲಿ ಅನ್ನೋದು ನನ್ನ ವಾದ. ಕಾಯಿಲ್‌ಗೆ ಕೆಲವು ನೂರು ರೂಪಾಯಿ, ಹೊಸ ಗೀಸರ್‌ಗೆ ಸಾವಿರಗಟ್ಟಲೆ. ಟ್ಯಾಂಕ್ ಸೋರದಿದ್ದರೆ ಗೀಸರ್ ಎಸೆಯಬೇಕಾಗಿಲ್ಲ. ಆದರೆ ಕಾರಣ ಹುಡುಕದೆ ಕಾಯಿಲ್ ಹಾಕಿದರೆ ಹೊಸದೂ ಹೋಗುತ್ತೆ. ಕೆಲವೊಮ್ಮೆ ಕಾಯಿಲ್ ಜೊತೆ ಜೀವವೂ ಹೋಗುತ್ತೆ.

ಮೊದಲು ಕಾಯಿಲ್ ಹೋಗಿದೆಯಾ ನೋಡಿ

"ನೀರು ಬಿಸಿ ಆಗ್ತಿಲ್ಲ" ಅಂದ ಮಾತ್ರಕ್ಕೆ ಕಾಯಿಲ್ ಹೋಗಿದೆ ಅಂತಲ್ಲ. 2000 ವ್ಯಾಟ್‌ನ ಕಾಯಿಲ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 18ರಿಂದ 20 ನಿಮಿಷ ಬೇಕು. ಕರೆಂಟು ಸುಮಾರು 0.6 ಯೂನಿಟ್. ಇದು 230 ವೋಲ್ಟ್ ಇದ್ದಾಗಿನ ಲೆಕ್ಕ. ಬೆಳಗ್ಗೆ ಎಲ್ಲರೂ ಮೋಟಾರ್ ಹಾಕಿದಾಗ ಮನೆಗೆ 180 ವೋಲ್ಟ್ ಬಂದರೆ ಅದೇ ಕಾಯಿಲ್ ಕೊಡೋದು ಸುಮಾರು 1225 ವ್ಯಾಟ್ ಮಾತ್ರ. ಅಂದರೆ ಅರ್ಧ ಗಂಟೆ ಹಿಡಿಯುತ್ತೆ. ಅಲ್ಲಿ ತಪ್ಪು ಕಾಯಿಲ್‌ದಲ್ಲ, ಲೈನಿನದು.

ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಈಗ ಪ್ರತಿ ರೈತನ ಮನೆಯಲ್ಲೂ ಇರಬೇಕಾದ ಸಾಮಾನು. ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕಾಯಿಲ್‌ನ ಎರಡೂ ವೈರ್ ಬಿಚ್ಚಿ ಓಮ್ಸ್‌ನಲ್ಲಿ ನೋಡಿ. 2000 ವ್ಯಾಟ್ ಕಾಯಿಲ್ ಸುಮಾರು 26 ಓಮ್ಸ್ ತೋರಿಸಬೇಕು, 3000 ವ್ಯಾಟ್‌ನದ್ದು 17-18. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಸರಿಯಾಗಿ ತೋರಿಸಿದರೆ ಥರ್ಮೋಸ್ಟಾಟ್ ಅಥವಾ ಕಟೌಟ್ ನೋಡಬೇಕು.

ಆಮೇಲೆ ಒಂದು ಪಿನ್ ಕಾಯಿಲ್‌ನ ತುದಿಗೆ, ಇನ್ನೊಂದು ಟ್ಯಾಂಕಿನ ಲೋಹಕ್ಕೆ ಹಿಡಿಯಿರಿ. ಏನಾದರೂ ರೀಡಿಂಗ್ ಬಂದರೆ ಕಾಯಿಲ್ ಒಡೆದು ಕರೆಂಟು ನೀರಿಗೆ ಇಳಿಯುತ್ತಿದೆ ಅಂತ ಅರ್ಥ. ಸಣ್ಣ ಲೀಕೇಜು ಮಲ್ಟಿಮೀಟರ್‌ಗೆ ಸಿಗದೇ ಇರಬಹುದು. ನಿಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯವರ ಹತ್ತಿರ ಮೆಗ್ಗರ್ ಇರುತ್ತೆ, ಅದರಲ್ಲಿ ಗೊತ್ತಾಗುತ್ತೆ. ನಲ್ಲಿ ಮುಟ್ಟಿದಾಗ ಸ್ವಲ್ಪ ಜುಮ್ ಅಂದರೂ ಅವತ್ತೇ ಗೀಸರ್ ಬಂದ್ ಮಾಡಿ. "ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಅನ್ನೋದು ಪರಿಹಾರ ಅಲ್ಲ.

"ಡೈರೆಕ್ಟ್" ಮಾಡೋ ಚಾಳಿ ತೋಟಕ್ಕೂ ಬೇಡ, ಬಚ್ಚಲಿಗೆ ಬೇಡವೇ ಬೇಡ

ಸ್ಟಾರ್ಟರ್ ಪದೇ ಪದೇ ಟ್ರಿಪ್ ಆದರೆ ರಿಲೇ ತಪ್ಪಿಸಿ ಡೈರೆಕ್ಟ್ ಕೊಡೋದು, ಪ್ರಿವೆಂಟರ್ ತೆಗೆದುಹಾಕೋದು ನಮ್ಮ ಕಡೆ ಮಾಮೂಲಿ. ಅಲ್ಲಿ ಹೆಚ್ಚಾಗಿ ಸುಡೋದು ಮೋಟಾರ್. ಅದೇ ಕೈ ಗೀಸರ್‌ಗೂ ಬಂದಿದೆ. ಕಟೌಟ್ ಹೋಗಿದೆ ಅಂತ ಎರಡು ವೈರ್ ಸೇರಿಸಿ ಟೇಪ್ ಸುತ್ತೋದು, ಆರ್‌ಸಿಸಿಬಿ ಬೀಳ್ತಿದೆ ಅಂತ ಅದನ್ನೇ ಕಿತ್ತು ಹಾಕೋದು.

ಥರ್ಮೋಸ್ಟಾಟ್ ಕೈಕೊಟ್ಟಾಗ ಕರೆಂಟು ತಪ್ಪಿಸೋದೇ ಕಟೌಟ್‌ನ ಕೆಲಸ. ಅದಿಲ್ಲದಿದ್ದರೆ ನೀರು ಕುದಿಯುತ್ತಲೇ ಇರುತ್ತೆ, ಒತ್ತಡ ಏರುತ್ತೆ. ಸೇಫ್ಟಿ ವಾಲ್ವ್ ಕೂಡ ಸುಣ್ಣ ಕಟ್ಟಿ ಕೂತಿದ್ದರೆ ಟ್ಯಾಂಕ್ ಸಿಡಿಯಬಹುದು. ಇನ್ನು 30 ಮಿಲಿಆಂಪ್ ಆರ್‌ಸಿಸಿಬಿ ಬೀಳ್ತಿದೆ ಅಂದರೆ ಕರೆಂಟು ಎಲ್ಲೋ ಸೋರ್ತಿದೆ. ಅದು ನಿಮ್ಮನ್ನು ಉಳಿಸ್ತಾ ಇದೆ, ತೊಂದರೆ ಕೊಡ್ತಾ ಇಲ್ಲ.

ಅರ್ಥಿಂಗ್ ಕೂಡ ಹಾಗೆಯೇ. ಹೊಸ ಮನೆಗಳಲ್ಲಿ ಪೈಪೆಲ್ಲ ಪ್ಲಾಸ್ಟಿಕ್. ಪೈಪಿನ ಮೂಲಕ ಅರ್ಥ್ ಸಿಗುತ್ತೆ ಅನ್ನೋ ಕಾಲ ಹೋಯ್ತು. ಮೂರು ಪಿನ್ನಿನ ಸಾಕೆಟ್ ಇದ್ದರೆ ಅರ್ಥಿಂಗ್ ಇದೆ ಅಂತಲೂ ಅಲ್ಲ, ಗುಂಡಿವರೆಗೆ ವೈರ್ ಹೋಗಿದೆಯಾ ನೋಡಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳಲ್ಲ.

ಯಾವುದು ನಿಮ್ಮ ಕೆಲಸ, ಯಾವುದು ಅಲ್ಲ

ಎಲ್ಲವನ್ನೂ ನೀವೇ ಮಾಡಿ ಅಂತ ನಾನು ಹೇಳಲ್ಲ. ಪರೀಕ್ಷೆ, ತೊಳೆಯೋದು, ಸರಿಯಾದ ಸಾಮಾನು ತರೋದು ನಿಮ್ಮ ಕೆಲಸ. ವೈರಿಂಗ್ ಅನುಭವ ಇಲ್ಲದಿದ್ದರೆ ಕೊನೆಯ ಕನೆಕ್ಷನ್ ಎಲೆಕ್ಟ್ರಿಷಿಯನ್ ಮಾಡಲಿ. ಆದರೆ ಎದುರಿಗೆ ನಿಂತು ಮಾಡಿಸಿ, ಈ ಕ್ರಮ ತಪ್ಪದಂತೆ ನೋಡಿಕೊಳ್ಳಿ:

1. ಎಂಸಿಬಿ ಆಫ್ ಮಾಡಿ. ಒಳಗಿನ ನೀರು ತಣ್ಣಗಾಗಲಿ. ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

2. ವೈರ್ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ. ಗೀಸರ್ ಮೇಲಿನ ವ್ಯಾಟ್, ಮಾಡೆಲ್ ಬರೆದ ಪಟ್ಟಿಯದ್ದೂ ಒಂದು ಇರಲಿ.

3. ಹಳೇ ಕಾಯಿಲನ್ನೇ ಅಂಗಡಿಗೆ ಒಯ್ಯಿರಿ. ಅದೇ ವ್ಯಾಟ್, ಅದೇ ಅಳತೆಯ ಫ್ಲ್ಯಾಂಜ್ ಬೇಕು. "ಬೇಗ ಕಾಯಲಿ" ಅಂತ ದೊಡ್ಡ ವ್ಯಾಟ್ ಹಾಕಿದರೆ ವೈರ್, ಥರ್ಮೋಸ್ಟಾಟ್ ಎರಡೂ ತಡೆಯಲ್ಲ.

4. ಗ್ಯಾಸ್ಕೆಟ್ ಹೊಸದೇ ಹಾಕಿ. ನಟ್‌ಗಳನ್ನು ಟ್ರ್ಯಾಕ್ಟರ್ ಚಕ್ರಕ್ಕೆ ಬಿಗಿಯುವ ಹಾಗೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

5. ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಸಮನಾಗಿ ಬಂದ ಮೇಲೆ, ಎಲ್ಲೂ ಸೋರ್ತಿಲ್ಲ ಅಂತ ನೋಡಿದ ಮೇಲೆಯೇ ಸ್ವಿಚ್ ಹಾಕಿ. ನೀರಿಲ್ಲದೆ ಉರಿದರೆ ಹೊಸ ಕಾಯಿಲ್ ಕೆಲವೇ ನಿಮಿಷದಲ್ಲಿ ಹಾಳು.

ಸೋಲಾರ್ ವಾಟರ್ ಹೀಟರ್ ಇದ್ದವರೂ ಕೇಳಿಸಿಕೊಳ್ಳಿ. ಮೋಡ ಇದ್ದಾಗ ಬಳಸೋಕೆ ಅದರಲ್ಲೂ ಕರೆಂಟಿನ ಕಾಯಿಲ್ ಇದ್ದರೆ ಇದೇ ಮಾತು ಅನ್ವಯ.

ನಿಜವಾದ ಕಾಯಿಲೆ ನೀರಿನಲ್ಲಿದೆ

ಬಿಚ್ಚಿದ ಕಾಯಿಲ್ ಮೇಲೆ ಬಿಳಿ ಕಲ್ಲಿನಂಥ ಪದರ ಇರುತ್ತೆ. ಗಡಸು ನೀರಿನಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣಕಲ್ಲಾಗಿ, ಕಾಯಿಲ್‌ಗೆ ಅಂಟಿಕೊಳ್ಳುತ್ತೆ. ಶಾಖ ನೀರಿಗೆ ದಾಟಲ್ಲ, ಕಾಯಿಲ್ ಒಳಗೇ ಕಾದು ಬಿರಿಯುತ್ತೆ. ನಿಮ್ಮ ಡ್ರಿಪ್ಪರ್ ಬಾಯಿ ಕಟ್ಟಿಸೋ ಸುಣ್ಣವೂ ಇದೇ. ಡ್ರಿಪ್‌ಗೆ ಆಸಿಡ್ ಟ್ರೀಟ್‌ಮೆಂಟ್ ಮಾಡ್ತೀವಿ, ಗೀಸರನ್ನು ಮಾತ್ರ ಸಾಯೋವರೆಗೆ ತಿರುಗಿ ನೋಡಲ್ಲ.

ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ ಅಂದರೆ ನೀರು ಗಡಸು ಅಂತ ಮನೆಯ ಹೆಂಗಸರಿಗೆ ಲ್ಯಾಬಿಗಿಂತ ಮೊದಲೇ ಗೊತ್ತಿರುತ್ತೆ. ಆದರೂ ಒಮ್ಮೆ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ಆ ಒಂದೇ ರಿಪೋರ್ಟು ಡ್ರಿಪ್‌ಗೂ ಗೀಸರ್‌ಗೂ ಉಪಯೋಗ.

ವರ್ಷಕ್ಕೊಮ್ಮೆ ಕಾಯಿಲ್ ಹೊರತೆಗೆದು ಸಿಟ್ರಿಕ್ ಆಸಿಡ್ ಅಥವಾ ವಿನೆಗರ್ ನೀರಿನಲ್ಲಿ ನೆನೆಸಿ, ಸುಣ್ಣ ಬಿಡುತ್ತೆ. ವೈರ್ ಸೇರುವ ತುದಿ ಒದ್ದೆಯಾಗದಿರಲಿ. ಚಾಕು, ಉಳಿ ಹಾಕಿ ಕೆರೆಯಬೇಡಿ. ಮೆಗ್ನೀಸಿಯಂ ಆನೋಡ್ ರಾಡ್ ಸವೆದಿದ್ದರೆ ಬದಲಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಕರಗೋದೇ ಅದರ ಕೆಲಸ. ಥರ್ಮೋಸ್ಟಾಟನ್ನು ತುದಿವರೆಗೆ ತಿರುಗಿಸಿ ಇಡಬೇಡಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು.

ಇನ್ನೊಂದು ಲೆಕ್ಕ ನೋಡಿ. 100 ಚದರ ಮೀಟರ್ ತಾರಸಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಐದನೇ ಒಂದು ಭಾಗ ಕಳೆದರೂ 48,000. ನಾಲ್ಕು ಜನರಿಗೆ ದಿನಕ್ಕೆ 80 ಲೀಟರ್ ಬಿಸಿನೀರು ಅಂದರೆ ವರ್ಷಕ್ಕೆ 29,200 ಲೀಟರ್. ಅಷ್ಟನ್ನೂ ಹಿಡಿಯೋ ತೊಟ್ಟಿ ಎಲ್ಲರ ಹತ್ತಿರ ಇರಲ್ಲ, ನಿಜ. ಆದರೆ ಒಂದು ಸಣ್ಣ ಸಂಪು ಇದ್ದು, ಮಳೆಗಾಲದ ತಿಂಗಳುಗಳಲ್ಲಾದರೂ ಗೀಸರ್‌ಗೆ ಮಳೆನೀರು ಹೋದರೆ ಅಷ್ಟು ದಿನ ಸುಣ್ಣದ ಕಾಟ ಇಲ್ಲ. ಹಸು ಸಾಕಿ ಹಾಲಿನ ಕ್ಯಾನು, ಮೆಷಿನ್ನು ಬಿಸಿನೀರಲ್ಲಿ ತೊಳೆಯೋರಿಗೆ ಲಾಭ ಇನ್ನೂ ಜಾಸ್ತಿ.

ನಮ್ಮ ಅಜ್ಜಿಯರ ಕಾಲದಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಹೊಸ ನೀರು ತುಂಬೋ ಪದ್ಧತಿ ಇತ್ತು. ಹುಣಸೆಯ ಹುಳಿ ಅಂದರೂ ಆಸಿಡ್ಡೇ. ಹಂಡೆ ಹೋಗಿ ಗೀಸರ್ ಬಂತು, ವರ್ಷಕ್ಕೊಮ್ಮೆ ತಿಕ್ಕೋ ರೂಢಿ ಬರಲಿಲ್ಲ. ಈ ಸಲ ಹಬ್ಬಕ್ಕೆ ಒಂದು ವಾರ ಮುಂಚೆ ಗೀಸರ್ ಬಿಚ್ಚಿ ಕಾಯಿಲ್ ನೋಡಿ, ಅರ್ಥಿಂಗ್ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಬಟನ್ ಒತ್ತಿದಾಗ ಅದು ಬೀಳದಿದ್ದರೆ, ಪಟಾಕಿಗೆ ಅಂತ ಇಟ್ಟ ದುಡ್ಡಲ್ಲಿ ಮೊದಲು ಹೊಸ ಆರ್‌ಸಿಸಿಬಿ ತನ್ನಿ.