ಆಟದ ತೆರೆಯ ಮೇಲಿನ ಮದ್ಯಪಾನ

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. ಅಂದು ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕೂಡ್ಲಿಗಿಯ ಸುತ್ತಲಿನ ಈ ಕೋಗಳಿ ಸೀಮೆ, 1948ರ ಅಕ್ಟೋಬರ್ 2ರಂದು ಆ ಪ್ರಾಂತವನ್ನೆಲ್ಲ ವ್ಯಾಪಿಸಿದ ಪಾನನಿರೋಧವನ್ನು ಕಂಡ ನೆಲ. ಇಂದು ಅದೇ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಬಾಲಕರ ಬಳಿಗೆ ಮದ್ಯವು ಅಂಗಡಿಯ ಬಾಗಿಲನ್ನು ಹಾಯದೆ, ವಿಡಿಯೊ ಗೇಮಿನ ವೇಷದಲ್ಲಿ ಬರಲು ಅಡ್ಡಿಯೇ ಇಲ್ಲವಾಗಿದೆ.

‘ಗ್ರ್ಯಾಂಡ್ ಥೆಫ್ಟ್ ಆಟೊ 4’ರಲ್ಲಿ ಕಥಾನಾಯಕನು ಕುಡಿದು ತೂರಾಡುತ್ತ ಕಾರನ್ನು ಓಡಿಸಬಲ್ಲನು, ‘ಫಾಲ್‌ಔಟ್ 4’ರಲ್ಲಿ ಮದ್ಯವು ಆಟಗಾರನಿಗೆ ಕ್ಷಣಿಕ ಬಲವನ್ನೀಯುತ್ತದೆ, ವ್ಯಸನ ಅಂಟಿದರೂ ಒಂದು ಔಷಧದಿಂದ ಅದು ನಿಶ್ಶೇಷವಾಗಿ ಅಳಿಯುತ್ತದೆ. ಕುಡುಕ ಗಂಡನ ಕೂಲಿಹಣಕ್ಕಾಗಿ ಕಾದು ಕುಳಿತ ನಮ್ಮೂರ ತಾಯಂದಿರು ಅಂತಹ ಔಷಧವನ್ನು ಕಂಡವರಲ್ಲ. ನನ್ನ ಮಟ್ಟಿಗೆ, ಪಾನದ ದೃಶ್ಯಕ್ಕಿಂತಲೂ ಪರಿಣಾಮವಿಲ್ಲದ ಪಾನವೆಂಬ ಈ ಅಸತ್ಯವೇ ಘೋರವಾದುದು.

ಮದ್ಯ, ತಂಬಾಕುಗಳ ಚಿತ್ರಣವಿರುವ ಆಟಗಳನ್ನಾಡಿದ ಬ್ರಿಟನ್ನಿನ ಕಿಶೋರರಲ್ಲಿ ಅವುಗಳನ್ನು ಸೇವಿಸಿ ನೋಡಿರುವ ಸಂಭವ ಇಮ್ಮಡಿಯಾಗಿತ್ತೆಂದು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಆಟವೇ ಕಾರಣವೆಂದು ಇದರಿಂದ ಸಿದ್ಧವಾಗದು; ಆದರೂ ಎಚ್ಚರಿಕೆಗೆ ಇಷ್ಟು ಸಾಕು.

ಅಮೆರಿಕದಲ್ಲಿ ಮದ್ಯದ ಬಳಕೆಯನ್ನು ಆಟದ ಪೆಟ್ಟಿಗೆಯ ಮೇಲೆಯೇ ನಮೂದಿಸುವ ಪದ್ಧತಿಯಿದೆ. ನಮ್ಮಲ್ಲಿ ಚಲನಚಿತ್ರಕ್ಕೆ ಪ್ರಮಾಣಪತ್ರವುಂಟು, ದೂರದರ್ಶನದಲ್ಲಿ ಮದ್ಯದ ಜಾಹೀರಾತಿಗೆ ನಿರ್ಬಂಧವುಂಟು. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯಾದರೋ ಹಣದ ಆಟಗಳನ್ನು ನಿಷೇಧಿಸುವುದನ್ನೇ ಮುಖ್ಯವಾಗಿ ಉದ್ದೇಶಿಸಿದೆ. ಆಟಗಳಿಗೂ ಕನ್ನಡದಲ್ಲಿಯೇ ಓದಬಹುದಾದ ವಯೋಮಿತಿಯ ಸೂಚನೆಯನ್ನು ಸರಕಾರವು ಕಡ್ಡಾಯಗೊಳಿಸಲಿ. ಅಲ್ಲಿಯವರೆಗೆ ತಂದೆತಾಯಿಗಳು ಮಕ್ಕಳ ಪಕ್ಕದಲ್ಲಿ ಕುಳಿತು ಆ ಆಟವನ್ನೊಮ್ಮೆ ನೋಡಲಿ.